ಎರಡು ಹಳದಿ ಮಾತ್ರೆಗಳು: ಔಷಧಶಾಸ್ತ್ರದ ಪ್ರಾಯೋಗಿಕ ತರಗತಿಯ ಕುರಿತು

ಸ್ವಾಯತ್ತ ನರಮಂಡಲದ ಪಾಠಗಳು ಮುಗಿದ ವಾರ ನಡೆಯುವ ಪ್ರಾಯೋಗಿಕ ತರಗತಿಯಲ್ಲಿ ನಾನು ಮೇಜಿನ ಮೇಲೆ ಮೂರೇ ವಸ್ತುಗಳನ್ನಿಡುತ್ತೇನೆ: ಅವಧಿ ಮುಗಿದ ಒಂದು ಅಡ್ರಿನಲಿನ್ ಆಂಪೂಲ್, 1 ಮಿಲಿಲೀಟರಿನ ಒಂದು ಸಿರಿಂಜ್, ನಾಲ್ಕು ಸಾಲು ಬರೆದ ಒಂದು ಹಾಳೆ. ಚುಚ್ಚುಮದ್ದು ಪಡೆದ ಕೆಲವೇ ನಿಮಿಷಗಳಲ್ಲಿ ಒಬ್ಬ ವಯಸ್ಕ ರೋಗಿಯ ಮೈಯೆಲ್ಲ ದದ್ದೆದ್ದು, ಗಂಟಲು ಬಿಗಿದು, ರಕ್ತದೊತ್ತಡ ಕುಸಿಯುತ್ತಿದೆ; 0.5 ಮಿಲಿಗ್ರಾಂ ಅಡ್ರಿನಲಿನ್ ಅನ್ನು ತೊಡೆಯ ಸ್ನಾಯುವಿಗೆ ಕೊಡಬೇಕಾಗಿದೆ. ಸಿರಿಂಜಿಗೆ ಎಷ್ಟು ಎಳೆಯುತ್ತೀರಿ ಎಂಬುದು ಆ ಹಾಳೆಯಲ್ಲಿರುವ ಪ್ರಶ್ನೆ. ಅಡ್ರಿನಲಿನ್ ಯಾವ ಗ್ರಾಹಕಗಳ ಮೇಲೆ ಕೆಲಸ ಮಾಡುತ್ತದೆ, ರಕ್ತನಾಳಗಳನ್ನು ಹೇಗೆ ಬಿಗಿಗೊಳಿಸುತ್ತದೆ, ಶ್ವಾಸನಾಳಗಳನ್ನು ಹೇಗೆ ಸಡಿಲಿಸುತ್ತದೆ ಎಂದು ಕೇಳಿದರೆ ಯಾರೂ ತಡವರಿಸುವುದಿಲ್ಲ. ಆದರೆ ಆಂಪೂಲಿನ ಮೇಲೆ ಅಚ್ಚಾಗಿರುವ 1:1000 ಎಂಬ ಅಂಕಿಯ ಮುಂದೆ ತರಗತಿಯೇ ಮೌನವಾಗುತ್ತದೆ. ಒಬ್ಬರು 5 ಮಿಲಿಲೀಟರ್ ಎನ್ನುತ್ತಾರೆ, ಇನ್ನೊಬ್ಬರು 0.05 ಎನ್ನುತ್ತಾರೆ, ಸರಿಯಾದ ಉತ್ತರ ಹೇಳಿದವರೂ ದನಿ ತಗ್ಗಿಸಿ ಹೇಳುತ್ತಾರೆ.

ಲೆಕ್ಕ ಕಷ್ಟದ್ದಲ್ಲ. 1:1000 ಎಂದರೆ 1000 ಮಿಲಿಲೀಟರಿನಲ್ಲಿ 1 ಗ್ರಾಂ, ಅಂದರೆ ಒಂದು ಮಿಲಿಲೀಟರಿನಲ್ಲಿ 1 ಮಿಲಿಗ್ರಾಂ. ಆದ್ದರಿಂದ ಎಳೆಯಬೇಕಾದದ್ದು ಅರ್ಧ ಮಿಲಿಲೀಟರ್. ಹೃದಯ ಸ್ತಂಭನದಲ್ಲಿ ರಕ್ತನಾಳಕ್ಕೆ ಕೊಡುವ 1:10,000ರ ದ್ರಾವಣದಲ್ಲಿ ಒಂದು ಮಿಲಿಲೀಟರಿಗೆ 0.1 ಮಿಲಿಗ್ರಾಂ ಇರುತ್ತದೆ. ಈ ಎರಡರ ನಡುವೆ ಒಂದು ಸೊನ್ನೆ ಆಚೀಚೆಯಾದರೆ, ಇಲ್ಲವೇ ಸ್ನಾಯುವಿಗೆ ಹೋಗಬೇಕಾದದ್ದು ರಕ್ತನಾಳಕ್ಕೆ ಹೋದರೆ, ಬದುಕಿಸಬೇಕಾದ ಔಷಧವೇ ಹೃದಯದ ಲಯವನ್ನು ಕೆಡಿಸಬಲ್ಲದು. ಅನುಪಾತದಲ್ಲಿ ಬರೆಯುವ ಈ ಪದ್ಧತಿ ಅನುಭವಿಗಳನ್ನೂ ಎಡವಿಸುತ್ತದೆ ಎಂಬ ಕಾರಣಕ್ಕೇ ಅಮೆರಿಕದಲ್ಲಿ 2016ರಿಂದ ಇಂಥ ಚುಚ್ಚುಮದ್ದುಗಳ ಲೇಬಲ್ಲಿನಲ್ಲಿ ಮಿಲಿಲೀಟರಿಗೆ ಇಷ್ಟು ಮಿಲಿಗ್ರಾಂ ಎಂದೇ ಬರೆಯಬೇಕೆಂಬ ನಿಯಮ ಬಂತು. ನನ್ನ ವಿದ್ಯಾರ್ಥಿಗಳ ಮೌನಕ್ಕೆ ಅವರನ್ನು ದೂರಲು ನನಗೆ ಮನಸ್ಸಾಗುವುದಿಲ್ಲ. ನಾವು ಅವರಿಗೆ ಅಡ್ರಿನಲಿನ್ ಕಲಿಸಿದ್ದೇವೆ; ಅಡ್ರಿನಲಿನ್ ಕೊಡುವುದನ್ನು ಕಲಿಸಿಲ್ಲ.

ಈ ಅಂತರ ಎಲ್ಲಿಂದ ಬಂತು ಎಂದು ಹುಡುಕುತ್ತ ಹೋದರೆ ನಮ್ಮ ಶಾಸ್ತ್ರದ ಹುಟ್ಟಿಗೇ ಹೋಗಬೇಕಾಗುತ್ತದೆ. ರುಡಾಲ್ಫ್ ಬುಖ್‌ಹೈಮ್ 1847ರಲ್ಲಿ ಡೋರ್ಪಾಟ್‌ಗೆ ಪ್ರಾಧ್ಯಾಪಕರಾಗಿ ಹೋದರು. ಈಗ ಎಸ್ಟೋನಿಯಾದ ಟಾರ್ಟು ಎನಿಸಿಕೊಂಡಿರುವ ಆ ಊರಿನಲ್ಲಿ, ತಮ್ಮ ಮನೆಯ ನೆಲಮಾಳಿಗೆಯಲ್ಲೇ, ಔಷಧಗಳನ್ನು ಪ್ರಯೋಗದ ಮೂಲಕ ಪರೀಕ್ಷಿಸುವ ಮೊದಲ ಪ್ರಯೋಗಾಲಯವನ್ನು ಅವರು ಕಟ್ಟಿದರು. ಅದೇ ವರ್ಷ ಕಾರ್ಲ್ ಲುಡ್ವಿಗ್ ಅವರ ಕೈಮೋಗ್ರಾಫ್ ಬಂದಿತು. ತಿರುಗುವ ಡ್ರಮ್ಮಿನ ಮೇಲೆ ರಕ್ತದೊತ್ತಡದ ಏರಿಳಿತ ತಾನಾಗಿ ಗೆರೆಯಾಗಿ ಮೂಡಿತು. 1904ರಲ್ಲಿ ರುಡಾಲ್ಫ್ ಮ್ಯಾಗ್ನಸ್ ದೇಹದಿಂದ ಬೇರ್ಪಡಿಸಿದ ಕರುಳಿನ ತುಂಡನ್ನು ಬೆಚ್ಚಗಿನ ದ್ರಾವಣದಲ್ಲಿ ಜೀವಂತವಾಗಿಟ್ಟು ಅದರ ಚಲನೆಯನ್ನು ದಾಖಲಿಸಿ ತೋರಿಸಿದರು. 1921ರಲ್ಲಿ ಆಟೊ ಲೋವಿ ಎರಡು ಕಪ್ಪೆ ಹೃದಯಗಳನ್ನಿಟ್ಟುಕೊಂಡು, ನರಗಳು ರಾಸಾಯನಿಕಗಳ ಮೂಲಕ ಮಾತನಾಡುತ್ತವೆ ಎಂಬುದನ್ನು ಸಿದ್ಧಮಾಡಿದರು. ಔಷಧವೆಂದರೆ ನಂಬಿಕೆಯ ವಸ್ತುವಲ್ಲ, ಅಳೆದು ನೋಡಬಹುದಾದ ವಸ್ತು ಎಂದು ಜಗತ್ತಿಗೆ ತೋರಿಸಿಕೊಟ್ಟ ಕೆಲಸವದು. ವೈದ್ಯಕೀಯ ಶಿಕ್ಷಣ ಆ ಸಂಶೋಧಕರ ಮೇಜನ್ನೇ ಎತ್ತಿಕೊಂಡು ಬಂದು ವಿದ್ಯಾರ್ಥಿಯ ಮುಂದಿಟ್ಟಿತು. ಮುಂದೆ ವಾರ್ಡಿನಲ್ಲಿ ನಿಲ್ಲಲಿರುವ ವಿದ್ಯಾರ್ಥಿ ಒಂದು ಶತಮಾನದ ಹಿಂದಿನ ಸಂಶೋಧಕನ ಅಭ್ಯಾಸವನ್ನು ಕಲಿತ.

ನಾನು ಕಲಿತದ್ದೂ ಹಾಗೆಯೇ. ಹೊಳಪಿನ ಕಾಗದವನ್ನು ಡ್ರಮ್ಮಿಗೆ ಸುತ್ತಿ, ಹೊಗೆಯುವ ಜ್ವಾಲೆಯ ಮೇಲೆ ತಿರುಗಿಸಿ ಮಸಿ ಹಿಡಿಸಬೇಕು. ಕಪ್ಪೆಯ ಹೊಟ್ಟೆಯ ರೆಕ್ಟಸ್ ಸ್ನಾಯುವನ್ನು, ಅಂಗಾಂಶವನ್ನು ದ್ರಾವಣದಲ್ಲಿ ಜೀವಂತವಾಗಿಡುವ ಪಾತ್ರೆಯಾದ ಆರ್ಗನ್ ಬಾತ್‌ನಲ್ಲಿ ತೂಗುಹಾಕಿ, ದಾರವನ್ನು ಲಿವರಿಗೆ, ಅಂದರೆ ಗೆರೆ ಬರೆಯುವ ಸನ್ನೆಕಡ್ಡಿಗೆ, ಕಟ್ಟಿ, ಸ್ನಾಯುವನ್ನು ಕುಗ್ಗಿಸುವ ಅಸಿಟೈಲ್‌ಕೋಲಿನ್ ಹಾಕಿ 90 ಸೆಕೆಂಡು ಕಾದು, ತೊಳೆದು, ಸ್ನಾಯು ಮತ್ತೆ ತನ್ನ ಮೊದಲಿನ ಉದ್ದಕ್ಕೆ ಬರುವವರೆಗೆ ಕಾಯಬೇಕು. ಕೊನೆಗೆ ಅರಗಿನ ದ್ರಾವಣದಲ್ಲಿ ಕಾಗದವನ್ನದ್ದಿ ಒಣಹಾಕಿದರೆ ಆ ದಿನದ ದುಡಿಮೆ ಗಟ್ಟಿಯಾಗಿ ಉಳಿಯುತ್ತಿತ್ತು. ಅಟೆಂಡರ್ ಬೆಳಿಗ್ಗೆ ಬೇಗನೆ ಬಂದು, ಸ್ನಾಯುವನ್ನು ಜೀವಂತವಾಗಿಡುವ ಲವಣಗಳ ರಿಂಗರ್ ದ್ರಾವಣ ಸಿದ್ಧಮಾಡಿಟ್ಟಿರುತ್ತಿದ್ದರು. ಅವರ ಕೈ ಹದ ತಪ್ಪಿದ ದಿನ ಇಡೀ ತರಗತಿಯ ಸ್ನಾಯುಗಳು ಮುಷ್ಕರ ಹೂಡಿದಂತೆ ಸುಮ್ಮನಿರುತ್ತಿದ್ದವು. ನನ್ನ ಪಕ್ಕದ ಮೇಜಿನ ಸ್ನಾಯು ಎತ್ತರದ ಗೆರೆ ಬರೆದ ಡೋಸಿಗೇ ನನ್ನದು ಅಲುಗಾಡದೆ ಉಳಿದದ್ದು ನನಗೆ ಇನ್ನೂ ನೆನಪಿದೆ. ಆ ಹೊತ್ತು ಬೇಸರವೆನಿಸಿತ್ತು. ಆದರೆ ಜೀವವಿರುವ ಎರಡು ವಸ್ತುಗಳು ಒಂದೇ ಔಷಧಕ್ಕೆ ಒಂದೇ ರೀತಿ ಸ್ಪಂದಿಸುವುದಿಲ್ಲ ಎಂಬ ತಿಳಿವು ನನ್ನ ಕೈಗೆ ಬಂದದ್ದು ಆ ಮೇಜಿನಿಂದಲೇ, ಯಾವ ಪುಸ್ತಕದಿಂದಲೂ ಅಲ್ಲ.

ಆ ಕಪ್ಪೆಗಳು ಹೋದದ್ದು ಸರಿಯೇ. ವಿಲಿಯಂ ರಸೆಲ್ ಮತ್ತು ರೆಕ್ಸ್ ಬರ್ಚ್ 1959ರಲ್ಲೇ ಪ್ರಾಣಿಗಳ ಬದಲಿಗೆ ಬೇರೆ ವಿಧಾನ, ಕಡಿಮೆ ಪ್ರಾಣಿಗಳ ಬಳಕೆ, ನೋವು ತಗ್ಗಿಸುವ ಕ್ರಮ ಎಂಬ ಮೂರು ತತ್ತ್ವಗಳನ್ನು ಮುಂದಿಟ್ಟಿದ್ದರು. ಉತ್ತರ ಮೊದಲೇ ಗೊತ್ತಿರುವ ಪ್ರಯೋಗವನ್ನು ವರ್ಷವರ್ಷವೂ ಮಾಡಿ ತೋರಿಸಲು ಜೀವ ತೆಗೆಯುವುದನ್ನು ನಾನಿಂದು ಸಮರ್ಥಿಸಲಾರೆ. ಹಲವು ದೇಶಗಳಲ್ಲಿ ಆ ಪ್ರಯೋಗಗಳ ಜಾಗಕ್ಕೆ ಕಂಪ್ಯೂಟರ್ ಸಿಮ್ಯುಲೇಷನ್ ಬಂದಿದೆ. ನನ್ನ ಅಸಮಾಧಾನ ಇರುವುದು ಬಂದ ರೀತಿಯ ಬಗ್ಗೆ. ಪರದೆಯ ಮೇಲೆ ಅದೇ ಆರ್ಗನ್ ಬಾತ್, ಅದೇ ಲಿವರ್, ಅದೇ ಡ್ರಮ್. ಗುಂಡಿ ಒತ್ತಿದರೆ ಅದೇ ಗೆರೆ. ಇಪ್ಪತ್ತು ವಿದ್ಯಾರ್ಥಿಗಳು ಇಪ್ಪತ್ತು ಬಾರಿ ಒತ್ತಿದರೂ ಗೆರೆಯ ಎತ್ತರ ಒಂದಿಷ್ಟೂ ಬದಲಾಗುವುದಿಲ್ಲ. ಹಳೆಯ ತರಗತಿಯಲ್ಲಿ ಬೇಡವಾಗಿದ್ದನ್ನು, ಅಂದರೆ ಪ್ರಶ್ನೆಯನ್ನು, ನಾವು ಉಳಿಸಿಕೊಂಡೆವು. ಅದರಲ್ಲಿ ಬೇಕಾಗಿದ್ದ ಜೀವದ ಅನಿಶ್ಚಿತತೆಯನ್ನು ಕಳೆದುಕೊಂಡೆವು. ಇದನ್ನು ಆಧುನೀಕರಣವೆಂದು ಕರೆಯಲು ನನಗೆ ಮನಸ್ಸು ಬಾರದು. ಉಪಕರಣ ಬದಲಾದರೆ ಸಾಲದು, ವಿದ್ಯಾರ್ಥಿಗೆ ನಾವು ಕೇಳುವ ಪ್ರಶ್ನೆ ಬದಲಾಗಬೇಕು. "ಈ ಔಷಧ ಈ ಸ್ನಾಯುವಿಗೆ ಏನು ಮಾಡಿತು?" ಎನ್ನುವುದು ಹಳೆಯ ಪ್ರಶ್ನೆ. "ಎದುರಿಗಿರುವ ಈ ವ್ಯಕ್ತಿಗೆ ನೀವು ಏನು ಕೊಡುತ್ತೀರಿ, ಎಷ್ಟು ಕೊಡುತ್ತೀರಿ, ಹೇಗೆ ಹೇಳಿ ಕೊಡುತ್ತೀರಿ, ಅದು ಕೆಲಸ ಮಾಡಿತೆಂದು ಹೇಗೆ ತಿಳಿಯುತ್ತೀರಿ?" ಎನ್ನುವುದು ನಮ್ಮ ಕಾಲದ ಪ್ರಶ್ನೆ.

ಕಂಪ್ಯೂಟರನ್ನು ನಾನು ಬೇಡವೆನ್ನುತ್ತಿಲ್ಲ. ಅದರಿಂದ ಮಾತ್ರ ಸಾಧ್ಯವಾಗುವ ಕೆಲಸವನ್ನು ಅದಕ್ಕೆ ಕೊಡಬೇಕು ಎನ್ನುತ್ತಿದ್ದೇನೆ. ಅಪಸ್ಮಾರಕ್ಕೆ ಕೊಡುವ ಫೆನಿಟಾಯಿನ್ ಅದಕ್ಕೆ ತಕ್ಕ ಉದಾಹರಣೆ. ಈ ಔಷಧವನ್ನು ಯಕೃತ್ತು ವಿಲೇವಾರಿ ಮಾಡುವ ಸಾಮರ್ಥ್ಯಕ್ಕೆ ಒಂದು ಮಿತಿಯಿದೆ. ಡೋಸ್ ಆ ಮಿತಿಯ ಹತ್ತಿರ ಬಂದಂತೆಲ್ಲ ರಕ್ತದ ಮಟ್ಟ ಅಳತೆ ಮೀರಿ ಏರುತ್ತದೆ. ನಾನು ಒಂದು ಸರಳ ಸ್ಪ್ರೆಡ್‌ಶೀಟಿನಲ್ಲಿ ಒಬ್ಬ ಕಾಲ್ಪನಿಕ ರೋಗಿಯನ್ನು ಸೃಷ್ಟಿಸಿದ್ದೇನೆ: ದಿನಕ್ಕೆ ಗರಿಷ್ಠ 500 ಮಿಲಿಗ್ರಾಂ ವಿಲೇವಾರಿ ಮಾಡಬಲ್ಲ ದೇಹ, ಲೀಟರಿಗೆ 4 ಮಿಲಿಗ್ರಾಂನಲ್ಲಿ ಆ ವೇಗದ ಅರ್ಧ. ದಿನಕ್ಕೆ 300 ಮಿಲಿಗ್ರಾಂ ಕೊಟ್ಟರೆ ಸ್ಥಿರ ಮಟ್ಟ ಲೀಟರಿಗೆ 6 ಮಿಲಿಗ್ರಾಂ ಆಗುತ್ತದೆ. ಬೇಕಾದದ್ದು 10ರಿಂದ 20, ಆದ್ದರಿಂದ ಸಾಲದು. ವಿದ್ಯಾರ್ಥಿ 400ಕ್ಕೆ ಏರಿಸುತ್ತಾನೆ. ಮಟ್ಟ 16ಕ್ಕೆ ಬರುತ್ತದೆ, ಎಲ್ಲರಿಗೂ ಸಮಾಧಾನ. ಇನ್ನೂ ಸ್ವಲ್ಪ ಇರಲಿ ಎಂದು 450 ಮಾಡಿದರೆ ಮಟ್ಟ 36. ಬರೀ 50 ಮಿಲಿಗ್ರಾಂ ಸೇರಿದ್ದಕ್ಕೆ ರೋಗಿಯ ಕಣ್ಣು ಅದುರತೊಡಗುತ್ತದೆ, ನಡಿಗೆ ತೂರಾಡತೊಡಗುತ್ತದೆ. ಆ 36 ಎಂಬ ಅಂಕಿ ಪರದೆಯ ಮೇಲೆ ಬಂದಾಗ ತರಗತಿಯಲ್ಲಿ ಹೊರಡುವ ಉದ್ಗಾರವನ್ನು ನಾನು ಪ್ರತಿ ವರ್ಷ ಕಾದು ಕೇಳುತ್ತೇನೆ. ಅನಂತರ ಪಕ್ಕದ ಮೇಜಿಗೆ ಹೇಳದೆ ಬೇರೊಬ್ಬ ರೋಗಿಯನ್ನು ಕೊಡುತ್ತೇನೆ: ಗರಿಷ್ಠ ಸಾಮರ್ಥ್ಯ 500ರ ಬದಲು 450. ಆತನಿಗೆ ಅದೇ 400 ಮಿಲಿಗ್ರಾಂ ಕೊಟ್ಟರೆ ಮಟ್ಟ 16 ಅಲ್ಲ, 32. "ನಮಗೆ ಸರಿಬಂದದ್ದು ಇವರಿಗೇಕೆ ಬರಲಿಲ್ಲ?" ಎಂದು ಎರಡು ಮೇಜುಗಳು ಪರಸ್ಪರ ಕೇಳಿಕೊಳ್ಳತೊಡಗಿದಾಗ, ಕಪ್ಪೆಯ ಸ್ನಾಯು ನನಗೆ ಕಲಿಸಿದ್ದ ಪಾಠ ಕಪ್ಪೆಯಿಲ್ಲದೆಯೇ ಆ ಕೋಣೆಗೆ ಮರಳಿ ಬಂದಿರುತ್ತದೆ. ಯಾವ ರೋಗಿಯ ಮೇಲೂ ನಾವು ಮಾಡಬಾರದ ಪ್ರಯೋಗವಿದು, ಪುಸ್ತಕದ ಗೆರೆಯಿಂದ ಮನಸ್ಸಿಗೆ ನಾಟದ ಸಂಗತಿಯೂ ಹೌದು.

ಆದರೂ ಇದೆಲ್ಲ ಡೋಸಿನವರೆಗಿನ ಮಾತು. ನನ್ನನ್ನು ಈ ವಿಷಯದ ಕಡೆಗೆ ತಿರುಗಿಸಿದ್ದು ಡೋಸ್ ಸರಿಯಿದ್ದಾಗ ನಡೆದ ಒಂದು ತಪ್ಪು.

ಓದು ಮುಗಿಸಿ ಹೊರಬಂದ ಮೊದಲ ವರ್ಷ, ಸಂಧಿವಾತದ ರೋಗಿಯೊಬ್ಬರಿಗೆ ಹಿರಿಯ ವೈದ್ಯರ ಸೂಚನೆಯಂತೆ ನಾನು ಚೀಟಿ ಬರೆದೆ: ಮೆಥೊಟ್ರೆಕ್ಸೇಟ್ 2.5 ಮಿಲಿಗ್ರಾಂನ ಮೂರು ಮಾತ್ರೆ, ವಾರಕ್ಕೊಮ್ಮೆ. ಅದರ ಅಡ್ಡಪರಿಣಾಮ ತಗ್ಗಿಸಲು ಫೋಲಿಕ್ ಆಮ್ಲ, ಉಳಿದ ದಿನಗಳಲ್ಲಿ. ಔಷಧ ಸರಿಯಾಗಿತ್ತು, ಪ್ರಮಾಣ ಸರಿಯಾಗಿತ್ತು, ಅಕ್ಷರವೂ ಸ್ಪಷ್ಟವಾಗಿತ್ತು. ಹೊರಗೆ ಸಾಲು ಉದ್ದವಿತ್ತು. ಚೀಟಿಯನ್ನು ಅವರ ಕೈಗಿತ್ತು ಮುಂದಿನವರನ್ನು ಕರೆದೆ. ಏಳನೆಯ ದಿನ ಅವರು ಬಾಯಿ ತೆರೆಯಲಾಗದ ಸ್ಥಿತಿಯಲ್ಲಿ ಬಂದರು. ತುಟಿಯ ಒಳಗೆ, ನಾಲಿಗೆಯ ಅಂಚಿನಲ್ಲಿ, ಗಂಟಲಿನವರೆಗೆ ಹುಣ್ಣು. ಬಿಳಿ ರಕ್ತಕಣಗಳು ಕುಸಿದಿದ್ದವು. ಎರಡೂ ಸಣ್ಣ ಹಳದಿ ಮಾತ್ರೆಗಳು. ಅವರು ಅದಲುಬದಲು ಮಾಡಿಕೊಂಡಿದ್ದರು: ಫೋಲಿಕ್ ಆಮ್ಲವನ್ನು ಒಂದು ದಿನ, ಮೆಥೊಟ್ರೆಕ್ಸೇಟನ್ನು ಉಳಿದ ಆರು ದಿನ. ಫೋಲಿನಿಕ್ ಆಮ್ಲ ಕೊಟ್ಟು, ಸೋಂಕು ತಗುಲದಂತೆ ನೋಡಿಕೊಂಡು, ಅವರನ್ನು ಉಳಿಸಿಕೊಂಡೆವು. ಮೆಥೊಟ್ರೆಕ್ಸೇಟ್ ಯಾವ ಕಿಣ್ವವನ್ನು ತಡೆಯುತ್ತದೆ, ವಿಷವೇರಿದರೆ ಏಕೆ ಫೋಲಿಕ್ ಆಮ್ಲ ಸಾಲದೆ ಫೋಲಿನಿಕ್ ಆಮ್ಲವೇ ಬೇಕಾಗುತ್ತದೆ ಎಂಬ ಪ್ರಶ್ನೆಗೆ ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ನಾನು ನಿಲ್ಲಿಸದೆ ಉತ್ತರಿಸಿದ್ದೆ. ಆದರೆ ಮಾತ್ರೆಯ ಪಟ್ಟಿಯನ್ನು ರೋಗಿಯ ಅಂಗೈಯಲ್ಲಿಟ್ಟು "ಇದು ವಾರಕ್ಕೆ ಒಂದೇ ದಿನ; ಯಾವ ದಿನ ತೆಗೆದುಕೊಳ್ಳುತ್ತೀರಿ, ಹೇಳಿ" ಎಂದು ಕೇಳುವುದನ್ನು ನನಗೆ ಯಾರೂ ಪ್ರಾಯೋಗಿಕ ತರಗತಿಯಲ್ಲಿ ಮಾಡಿಸಿರಲಿಲ್ಲ, ಅದು ಪರೀಕ್ಷೆಯಲ್ಲಿ ಅಂಕವಿರುವ ಕೆಲಸವೂ ಆಗಿರಲಿಲ್ಲ.

ಅದನ್ನು ಕಲಿಸಲು ಬೇಕಾದ ಚೌಕಟ್ಟು ಇಲ್ಲದೆಯೇನೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಒಳ್ಳೆಯ ಔಷಧ ಬರವಣಿಗೆಯ ಕೈಪಿಡಿಯೊಂದನ್ನು ಹೊರತಂದಿತು. ರೋಗಿಯ ಸಮಸ್ಯೆಯನ್ನು ಗುರುತಿಸುವುದು, ಚಿಕಿತ್ಸೆಯ ಉದ್ದೇಶವನ್ನು ಸ್ಪಷ್ಟಪಡಿಸಿಕೊಳ್ಳುವುದು, ಮೊದಲೇ ಆರಿಸಿಟ್ಟುಕೊಂಡ ತನ್ನ ಔಷಧ ಈ ರೋಗಿಗೆ ಹೊಂದುತ್ತದೆಯೇ ಎಂದು ನೋಡುವುದು, ಚಿಕಿತ್ಸೆ ಆರಂಭಿಸುವುದು, ಮಾಹಿತಿ ಮತ್ತು ಎಚ್ಚರಿಕೆ ಕೊಡುವುದು, ಪರಿಣಾಮವನ್ನು ಗಮನಿಸಿ ಮುಂದುವರಿಸುವುದು ಅಥವಾ ನಿಲ್ಲಿಸುವುದು ಎಂಬ ಆರು ಹೆಜ್ಜೆಗಳು ಅದರಲ್ಲಿವೆ. ನಮ್ಮ ಬಹುಪಾಲು ಬೋಧನೆ ಮೂರನೆಯ ಹೆಜ್ಜೆಯ ಸುತ್ತ ಮುಗಿಯುತ್ತದೆ. ನನ್ನ ರೋಗಿ ಬಿದ್ದದ್ದು ಐದನೆಯದರಲ್ಲಿ. ವೈದ್ಯನಾದವನು ತಾನು ಆಗಾಗ ಬಳಸುವ ಕೆಲವೇ ಔಷಧಗಳನ್ನು ಪರಿಣಾಮ, ಸುರಕ್ಷತೆ, ಹೊಂದಿಕೆ, ವೆಚ್ಚ ಎಂಬ ನಾಲ್ಕು ಅಳತೆಗಳಲ್ಲಿ ತೂಗಿ ಆರಿಸಿಕೊಂಡು ಅವುಗಳನ್ನು ಆಳವಾಗಿ ತಿಳಿದಿರಬೇಕು ಎಂಬ ಆ ಕೈಪಿಡಿಯ ವಿಚಾರ ಇಂದಿಗೂ ಹಳತಾಗಿಲ್ಲ. ವಿದ್ಯಾರ್ಥಿಗಳಿಗೆ ಸಾವಿರ ಹೆಸರುಗಳ ಭಾರದಿಂದ ಬಿಡುಗಡೆ ಸಿಗುವುದು ಇಲ್ಲಿಯೇ ಎಂದು ನನಗನ್ನಿಸುತ್ತದೆ.

ತಪ್ಪುಗಳು ಅಪರೂಪವಲ್ಲ ಎನ್ನುವುದಕ್ಕೆ ದಾಖಲೆಯಿದೆ. ಬ್ರಿಟನ್ನಿನ 19 ಆಸ್ಪತ್ರೆಗಳಲ್ಲಿ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಬರೆದ ಪ್ರತಿ 100 ಔಷಧ ಆದೇಶಗಳಲ್ಲಿ ಸರಾಸರಿ 8.9 ದೋಷಗಳು ಕಂಡುಬಂದವು. ಹೊಸಬರು ಮಾತ್ರವೇ ಅಲ್ಲ, ಎಲ್ಲ ಹಂತದ ವೈದ್ಯರೂ ತಪ್ಪಿದ್ದರು. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಔಷಧಗಳಿಂದಾಗುವ ತಪ್ಪಿಸಬಹುದಾದ ಗಂಭೀರ ಹಾನಿಯನ್ನು ಐದು ವರ್ಷಗಳಲ್ಲಿ ಅರ್ಧಕ್ಕಿಳಿಸುವ ಗುರಿಯೊಂದಿಗೆ ಜಾಗತಿಕ ಅಭಿಯಾನವನ್ನು ಆರಂಭಿಸಿತು. ಔಷಧ ದೋಷಗಳಿಂದ ಜಗತ್ತಿಗೆ ವರ್ಷಕ್ಕೆ ಸುಮಾರು 4,200 ಕೋಟಿ ಡಾಲರ್ ಹೊರೆಯೆಂದು ಆಗ ಅಂದಾಜಿಸಲಾಗಿತ್ತು. ಬ್ರಿಟನ್ನಿನಲ್ಲಿ 2014ರಿಂದ ಪದವಿಯ ಹೊಸ್ತಿಲಲ್ಲಿರುವವರಿಗೆ ಔಷಧ ಬರೆಯುವ ಸುರಕ್ಷತೆಯದ್ದೇ ಪ್ರತ್ಯೇಕ ಪರೀಕ್ಷೆಯಿದೆ. ಎರಡು ಗಂಟೆ, 60 ಪ್ರಶ್ನೆ, 200 ಅಂಕ. ಔಷಧ ಸೂಚಿಯನ್ನು ತೆರೆದು ನೋಡಿಕೊಂಡೇ ಉತ್ತರಿಸಬಹುದು. ಈ ಕೊನೆಯ ಮಾತು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ವಾರ್ಡಿನಲ್ಲಿ ಸಂದೇಹ ಬಂದಾಗ ಪುಸ್ತಕ ತೆರೆಯುವವನು ಒಳ್ಳೆಯ ವೈದ್ಯ. ಪರೀಕ್ಷಾ ಕೊಠಡಿಯಲ್ಲಿ ಪುಸ್ತಕ ತೆರೆಯುವವನು ಅಪರಾಧಿ ಎಂದು ವರ್ಷಗಟ್ಟಲೆ ಕಲಿಸಿದರೆ, ಸಂದೇಹವನ್ನು ಮುಚ್ಚಿಟ್ಟುಕೊಳ್ಳುವ ಅಭ್ಯಾಸವನ್ನು ನಾವೇ ಬೆಳೆಸಿದಂತಾಗುತ್ತದೆ.

ಮಕ್ಕಳ ಡೋಸಿನ ತರಗತಿಗೆ ನಾನು ಮೂರು ಬಾಟಲಿಗಳನ್ನು ತರುತ್ತೇನೆ. ಮೂರರಲ್ಲೂ ಪ್ಯಾರಸಿಟಮಾಲ್. ಒಂದರಲ್ಲಿ 5 ಮಿಲಿಲೀಟರಿಗೆ 120 ಮಿಲಿಗ್ರಾಂ, ಇನ್ನೊಂದರಲ್ಲಿ 5 ಮಿಲಿಲೀಟರಿಗೆ 250, ಶಿಶುಗಳಿಗೆಂದು ಹನಿಯ ರೂಪದಲ್ಲಿರುವ ಮೂರನೆಯದರಲ್ಲಿ 1 ಮಿಲಿಲೀಟರಿಗೇ 100. ಮಗುವಿನ ತೂಕ 12 ಕಿಲೋಗ್ರಾಂ, ಕಿಲೋಗೆ 15 ಮಿಲಿಗ್ರಾಂನಂತೆ ಬೇಕಾದದ್ದು 180 ಮಿಲಿಗ್ರಾಂ. ಮೊದಲ ಬಾಟಲಿಯಿಂದ 7.5 ಮಿಲಿಲೀಟರ್, ಎರಡನೆಯದರಿಂದ 3.6, ಮೂರನೆಯದರಿಂದ 1.8. ಲೆಕ್ಕ ಮುಗಿದ ಮೇಲೆ ವಿದ್ಯಾರ್ಥಿ ನೀರು ತುಂಬಿದ ಅದೇ ಬಾಟಲಿಗಳಿಂದ ತನ್ನ ಕೈಯಾರೆ ಅಳೆದು ಮೂರು ಲೋಟಗಳಲ್ಲಿ ಸುರಿದು ಪಕ್ಕಪಕ್ಕ ಇಡಬೇಕು. ಒಂದೇ ಔಷಧ, ಒಂದೇ ಪ್ರಮಾಣ, ನೋಡಲು ಮೂರು ಬೇರೆ ಬೇರೆ ಮಟ್ಟ. ಮೊದಲ ಬಾಟಲಿಯ 7.5 ಮಿಲಿಲೀಟರನ್ನು ಮೂರನೆಯ ಬಾಟಲಿಯಿಂದ ಕೊಟ್ಟುಬಿಟ್ಟರೆ ಎಷ್ಟಾಯಿತು ಎಂದು ಕೇಳಿದಾಗ 750 ಎಂಬ ಉತ್ತರ ಬರುತ್ತದೆ, ಆ ಮೇಲೆ ಯಾರೂ ಚೀಟಿಯಲ್ಲಿ ಬರೀ ಮಿಲಿಲೀಟರ್ ಬರೆದು ಕೈತೊಳೆದುಕೊಳ್ಳುವುದಿಲ್ಲ. ಈ ತರಗತಿಗೆ ಬೇಕಾದದ್ದು ಮೂರು ಬಾಟಲಿ ಮತ್ತು ಒಂದು ಅಳತೆಯ ಸಿರಿಂಜ್. ಆಧುನಿಕ ಎಂಬ ಮಾತು ಕೇಳಿದೊಡನೆ ದುಬಾರಿ ಮ್ಯಾನಿಕಿನ್‌ಗಳನ್ನು ನೆನೆಯುವವರಿಗೆ ನಾನು ಇದನ್ನು ಮೊದಲು ತೋರಿಸುತ್ತೇನೆ.

ಇನ್‌ಹೇಲರ್, ಇನ್ಸುಲಿನ್ ಪೆನ್, ಕಣ್ಣಿನ ಹನಿ ಇವೆಲ್ಲವೂ ಇದೇ ಸಾಲಿಗೆ ಸೇರುತ್ತವೆ. ಔಷಧವಿಲ್ಲದ ಅಭ್ಯಾಸದ ಇನ್‌ಹೇಲರನ್ನು ಕೈಗೆ ಕೊಟ್ಟರೆ ಅರ್ಧ ತರಗತಿ ಅದನ್ನು ಅಲುಗಾಡಿಸಲು ಮರೆಯುತ್ತದೆ. ಉಳಿದರ್ಧ ಉಸಿರನ್ನು ಹೊರಬಿಡದೆಯೇ ಒತ್ತುತ್ತದೆ. ತಾನೇ ಮಾಡಲಾರದ್ದನ್ನು ರೋಗಿಗೆ ಹೇಳಿಕೊಡಲು ಯಾರಿಂದಲೂ ಆಗದು.

ಚೀಟಿಗಳ ಪರಿಶೀಲನೆಯ ಬಗ್ಗೆಯೂ ಒಂದು ಮಾತು. ಹೆಸರುಗಳನ್ನು ಮರೆಮಾಡಿದ ನಿಜವಾದ ಚೀಟಿಗಳನ್ನು ವಿದ್ಯಾರ್ಥಿಗಳ ಮುಂದಿಟ್ಟು, ಸರಾಸರಿ ಎಷ್ಟು ಔಷಧ ಬರೆಯಲಾಗಿದೆ, ಎಷ್ಟು ಕಂಪನಿಯ ಹೆಸರಿನ ಬದಲು ಔಷಧದ ಮೂಲ ಹೆಸರಿನಲ್ಲಿವೆ, ಎಷ್ಟರಲ್ಲಿ ಆಂಟಿಬಯಾಟಿಕ್ ಇದೆ, ಎಷ್ಟರಲ್ಲಿ ಚುಚ್ಚುಮದ್ದಿದೆ, ಎಷ್ಟು ಔಷಧಗಳು ಅಗತ್ಯ ಔಷಧಗಳ ಪಟ್ಟಿಯಲ್ಲಿವೆ ಎಂದು ಎಣಿಸಲು ಹೇಳಿದರೆ ಅವರ ಕಣ್ಣು ತಾನಾಗಿ ತೀಕ್ಷ್ಣವಾಗುತ್ತದೆ. ".5" ಎಂದು ಬರೆದಲ್ಲಿ ಬಿಂದು ಮಸುಕಾದರೆ 5 ಆಗುತ್ತದೆ, "1.0" ಎಂದು ಬರೆದಲ್ಲಿ 10 ಆಗುತ್ತದೆ, ಇನ್ಸುಲಿನ್ ಯೂನಿಟ್ಟಿಗೆ "ಯು" ಎಂಬ ಒಂದೇ ಇಂಗ್ಲಿಷ್ ಅಕ್ಷರ ಬರೆದರೆ ಅದು ಸೊನ್ನೆಯಂತೆ ಕಾಣುತ್ತದೆ ಎನ್ನುವುದನ್ನು ನಾನು ಹೇಳಬೇಕಾಗುವುದಿಲ್ಲ, ಅವರೇ ಕಂಡುಹಿಡಿದು ನನಗೆ ತೋರಿಸುತ್ತಾರೆ. ಔಷಧ ಕಂಪನಿಗಳ ಪ್ರಚಾರ ಪತ್ರಗಳನ್ನೂ ಹೀಗೆಯೇ ಓದಿಸಬೇಕು. "ಅಪಾಯ 50 ಶೇಕಡ ಕಡಿಮೆ" ಎಂಬ ದಪ್ಪ ಅಕ್ಷರದ ಹಿಂದೆ 100 ಜನರಲ್ಲಿ 2 ಇದ್ದದ್ದು 1 ಆಯಿತು ಎಂಬಷ್ಟೇ ಸತ್ಯವಿರಬಹುದು. ಒಬ್ಬರಿಗೆ ಪ್ರಯೋಜನವಾಗಲು 100 ಜನ ಆ ಔಷಧ ತೆಗೆದುಕೊಳ್ಳಬೇಕು ಎಂದು ಅದನ್ನೇ ತಿರುಗಿಸಿ ಹೇಳಬಹುದು.

ಅಡ್ಡಪರಿಣಾಮಗಳ ವರದಿಯನ್ನು ನಾವು ಪಾಠವಾಗಿ ಮಾಡುತ್ತೇವೆ, ಕೆಲಸವಾಗಿ ಮಾಡಿಸುವುದು ಕಡಿಮೆ. ಗರ್ಭಿಣಿಯರು ಸೇವಿಸಿದಾಗ ಶಿಶುಗಳಲ್ಲಿ ಅಂಗವೈಕಲ್ಯ ಉಂಟುಮಾಡಿದ ಥಾಲಿಡೊಮೈಡ್ 1961ರಲ್ಲಿ ಮಾರುಕಟ್ಟೆಯಿಂದ ಹೋದದ್ದು, ಅದರ ಬೆನ್ನಿಗೆ 1968ರಲ್ಲಿ ಅಂತಾರಾಷ್ಟ್ರೀಯ ನಿಗಾ ವ್ಯವಸ್ಥೆ ಹುಟ್ಟಿದ್ದು ಎಲ್ಲರಿಗೂ ಬಾಯಿಪಾಠವಿದೆ. ಆದರೆ ಖಾಲಿ ವರದಿ ನಮೂನೆಯೊಂದನ್ನು ಕೊಟ್ಟು, ಮೈಮೇಲೆ ದದ್ದೆದ್ದ ರೋಗಿಯೊಬ್ಬರ ಕಥೆಯನ್ನು ಕೊಟ್ಟು, 1981ರಲ್ಲಿ ನರಾಂಜೊ ಮತ್ತು ಸಂಗಡಿಗರು ರೂಪಿಸಿದ ಹತ್ತು ಪ್ರಶ್ನೆಗಳ ಅಳತೆಯಲ್ಲಿ ಅಂಕ ಹಾಕಿಸಿದರೆ, "ಔಷಧ ನಿಲ್ಲಿಸಿದ ಮೇಲೆ ಕಡಿಮೆಯಾಯಿತೇ ಎಂದು ಯಾರೂ ಬರೆದೇ ಇಲ್ಲವಲ್ಲ" ಎಂದು ವಿದ್ಯಾರ್ಥಿ ಗೊಣಗುತ್ತಾನೆ. ಮುಂದೆ ತಾನು ಬರೆಯುವ ಕೇಸ್ ಶೀಟಿನಲ್ಲಿ ಆ ಸಾಲನ್ನು ಬಿಡದಿರುವವನು ಅವನೇ.

ಇದಕ್ಕೆಲ್ಲ ಎದುರಾಗುವ ಅಡ್ಡಿ ಹಣಕ್ಕಿಂತ ಹೆಚ್ಚಾಗಿ ಪರೀಕ್ಷೆ. ರೊನಾಲ್ಡ್ ಹಾರ್ಡನ್ ಮತ್ತು ಅವರ ಸಹೋದ್ಯೋಗಿಗಳು 1975ರಲ್ಲಿ ವಿದ್ಯಾರ್ಥಿಯನ್ನು ಒಂದು ಮೇಜಿನಿಂದ ಇನ್ನೊಂದಕ್ಕೆ ನಡೆಸುತ್ತ, ಪ್ರತಿ ಮೇಜಿನಲ್ಲೂ ಒಂದು ಕೆಲಸ ಮಾಡಿಸಿ, ಮೊದಲೇ ಬರೆದಿಟ್ಟ ಪಟ್ಟಿಯಂತೆ ಅಂಕ ಕೊಡುವ ಕ್ರಮವನ್ನು ಪ್ರಕಟಿಸಿದರು. ಗೊತ್ತಿರುವುದು, ಹೇಗೆಂದು ಗೊತ್ತಿರುವುದು, ಮಾಡಿ ತೋರಿಸುವುದು, ನಿಜಜೀವನದಲ್ಲಿ ಮಾಡುವುದು ಎಂಬ ನಾಲ್ಕು ಮೆಟ್ಟಿಲುಗಳನ್ನು ಜಾರ್ಜ್ ಮಿಲ್ಲರ್ 1990ರಲ್ಲಿ ಬಿಡಿಸಿ ಹೇಳಿದರು. ಭಾರತದಲ್ಲೂ 2019ರಿಂದ ಸಾಮರ್ಥ್ಯ ಆಧಾರಿತ ಪಠ್ಯಕ್ರಮ ಜಾರಿಗೆ ಬಂದಿದೆ. ಆದರೂ ವೈವಾದ ಮೇಜಿನ ಮೇಲೆ ಹಳೆಯ ಗ್ರಾಫಿನ ಫೋಟೊ ಇಟ್ಟು "ಇದು ಯಾವ ಔಷಧದ ಗೆರೆ?" ಎಂದು ಕೇಳುವ ಅಭ್ಯಾಸ ಪೂರ್ತಿ ಹೋಗಿಲ್ಲ. ನಾನೂ ಬಹುಕಾಲ ಕೇಳಿದ್ದೇನೆ. ಕೇಳುವುದು ಸುಲಭ, ಅಂಕ ಕೊಡುವುದು ಇನ್ನೂ ಸುಲಭ. ರೋಗಿಗೆ ವಿವರಿಸುವುದನ್ನು ಪರೀಕ್ಷಿಸಬೇಕಾದರೆ ಪರೀಕ್ಷಕ ಸುಮ್ಮನೆ ಕುಳಿತು ಐದು ನಿಮಿಷ ಕೇಳಿಸಿಕೊಳ್ಳಬೇಕು, ವಿದ್ಯಾರ್ಥಿ ಬಳಸಿದ ಒಂದೊಂದು ಪದವನ್ನೂ ರೋಗಿಯ ಕಿವಿಯಿಂದ ಕೇಳಬೇಕು. ಯಾವುದಕ್ಕೆ ಅಂಕವಿದೆಯೋ ಅದನ್ನು ವಿದ್ಯಾರ್ಥಿ ಕಲಿಯುತ್ತಾನೆ, ಇದರಲ್ಲಿ ಅವನ ತಪ್ಪೇನೂ ಇಲ್ಲ.

ಗಣಕೀಕೃತ ಚೀಟಿ ಬಂದ ಮೇಲೆ ಇವೆಲ್ಲ ಬೇಕಿಲ್ಲ ಎನ್ನುವವರಿದ್ದಾರೆ. ಅಕ್ಷರ ಅರ್ಥವಾಗದ ತೊಂದರೆ ಹೋಯಿತು, ನಿಜ. ಅಲರ್ಜಿಯಿರುವ ಔಷಧ ಬರೆದರೆ ಯಂತ್ರ ಎಚ್ಚರಿಸುತ್ತದೆ, ಅದೂ ನಿಜ. ಆದರೆ ಪಟ್ಟಿಯಲ್ಲಿ ಮೊದಲು ಕಾಣುವುದು "ದಿನಕ್ಕೊಮ್ಮೆ" ಎಂದಿದ್ದು ಬೆರಳು ಅದನ್ನೇ ಒತ್ತಿದರೆ, ಮೆಥೊಟ್ರೆಕ್ಸೇಟಿನ ತಪ್ಪು ಮೊದಲಿಗಿಂತ ಅಂದವಾದ ಅಕ್ಷರದಲ್ಲಿ ಅಚ್ಚಾಗಿ ಹೊರಬರುತ್ತದೆ. ಎಚ್ಚರಿಕೆಗಳು ಸಾಲುಗಟ್ಟಿ ಬರತೊಡಗಿದಾಗ ವೈದ್ಯರು ಓದದೆಯೇ ಅವನ್ನು ಮುಚ್ಚುತ್ತಾರೆ. ಆದ್ದರಿಂದ ಆ ಪರದೆಯೂ ಪ್ರಾಯೋಗಿಕ ತರಗತಿಯೊಳಗೆ ಬರಬೇಕು. ಯಾವ ಎಚ್ಚರಿಕೆಯನ್ನು ಏಕೆ ಕಡೆಗಣಿಸಿದೆ ಎಂದು ವಿದ್ಯಾರ್ಥಿ ಬರೆದು ಸಮರ್ಥಿಸಬೇಕು. ಪ್ರಶ್ನೆ ಕೇಳಿದರೆ ಚೀಟಿಯನ್ನೇ ಬರೆದುಕೊಡುವ ಕೃತಕ ಬುದ್ಧಿಮತ್ತೆಯ ಉಪಕರಣಗಳ ವಿಷಯದಲ್ಲೂ ನನ್ನ ಕ್ರಮ ಇದೇ: ಅದು ಕೊಟ್ಟ ಉತ್ತರವನ್ನು ಹಾಳೆಯಲ್ಲಿ ಅಚ್ಚುಹಾಕಿ ಹಂಚಿ, ಕೆಂಪು ಶಾಯಿಯಲ್ಲಿ ತಿದ್ದಲು ಹೇಳುತ್ತೇನೆ.

ನಮ್ಮ ವಿಭಾಗದಲ್ಲಿ ಹಿಂದೆ ಡ್ರಮ್ಮುಗಳಿಗೆ ಮಸಿ ಹಿಡಿಸುತ್ತಿದ್ದ ಅಟೆಂಡರ್ ಒಬ್ಬರಿದ್ದಾರೆ. ಆರ್ಗನ್ ಬಾತ್‌ಗಳು ಗಾಜಿನ ಕಪಾಟಿಗೆ ಸೇರಿದ ಮೇಲೆ ತಮಗಿನ್ನು ಕೆಲಸವಿಲ್ಲವೆಂದು ಅವರು ಕೆಲವು ದಿನ ಮಂಕಾಗಿದ್ದರು. ಈಗ ಸಂವಹನದ ತರಗತಿಯಲ್ಲಿ ಅವರೇ ನಮ್ಮ ರೋಗಿ. ಕಳೆದ ವಾರ ಅವರ ಎದುರಿಗೆ ಕುಳಿತ ವಿದ್ಯಾರ್ಥಿನಿ ಮೆಥೊಟ್ರೆಕ್ಸೇಟ್ ಮತ್ತು ಫೋಲಿಕ್ ಆಮ್ಲದ ಎರಡು ಪಟ್ಟಿಗಳನ್ನಿಟ್ಟುಕೊಂಡು ನಿಧಾನವಾಗಿ, ಸರಳ ಮಾತಿನಲ್ಲಿ, ವಾರಕ್ಕೊಮ್ಮೆ ಎಂಬುದನ್ನು ಎರಡು ಬಾರಿ ಹೇಳಿದಳು. "ನಾನು ಹೇಳಿದ್ದನ್ನು ನೀವೊಮ್ಮೆ ಹೇಳಿ ನೋಡೋಣ" ಎಂದೂ ಕೇಳಿದಳು. ಅವರು ತಪ್ಪಿಲ್ಲದೆ ಒಪ್ಪಿಸಿದರು. ನಾನು ಅಂಕದ ಹಾಳೆಯಲ್ಲಿ ಗುರುತು ಹಾಕಲು ಪೆನ್ನೆತ್ತಿದೆ. ಅಷ್ಟರಲ್ಲಿ ಅವರು ಎರಡೂ ಪಟ್ಟಿಗಳಿಂದ ಒಂದೊಂದು ಮಾತ್ರೆಯನ್ನು ಬಿಡಿಸಿ ಅಂಗೈಯಲ್ಲಿಟ್ಟು ಅವಳ ಮುಂದೆ ಚಾಚಿದರು. "ಡಾಕ್ಟ್ರೇ, ಮನೆಯಲ್ಲಿ ಇವನ್ನು ಬಿಡಿಸಿ ಒಂದೇ ಡಬ್ಬಿಗೆ ಹಾಕಿಡುತ್ತಾರೆ. ಎರಡೂ ಹಳದಿ. ನನಗೆ ಕನ್ನಡಕ ಬೇರೆ ಇಲ್ಲ. ಆಮೇಲೆ ಯಾವುದು ಯಾವುದೆಂದು ಹೇಗೆ ಗುರುತಿಸಲಿ?"

ಅವಳು ಸ್ವಲ್ಪ ಹೊತ್ತು ಆ ಅಂಗೈಯನ್ನೇ ನೋಡಿದಳು. ನನ್ನ ಅಂಕದ ಪಟ್ಟಿಯಲ್ಲಿ ಈ ಪ್ರಶ್ನೆಗೆ ಜಾಗವಿರಲಿಲ್ಲ. ಅವಳು ಚೀಟಿಯನ್ನು ತನ್ನ ಕಡೆಗೆ ಎಳೆದುಕೊಂಡು, ಮೆಥೊಟ್ರೆಕ್ಸೇಟನ್ನು ಒಂದು ತಿಂಗಳಿಗೆ ಒಟ್ಟಿಗೆ ಕೊಡುವ ಬದಲು ನಾಲ್ಕು ವಾರಗಳಿಗೆ ನಾಲ್ಕು ಬೇರೆ ಬೇರೆ ಲಕೋಟೆಗಳಲ್ಲಿ ಕೊಡುವಂತೆಯೂ, ಪ್ರತಿ ಲಕೋಟೆಯ ಮೇಲೆ ದಿನ ಮತ್ತು ತಾರೀಖನ್ನು ದೊಡ್ಡದಾಗಿ ಬರೆಯುವಂತೆಯೂ ಔಷಧ ವಿತರಕರಿಗೆ ಒಂದು ಸಾಲು ಸೇರಿಸಿದಳು. ನಾನು ಅಂಕದ ಪಟ್ಟಿಯ ಕೆಳಗೆ ಆ ಸಾಲನ್ನು ಬರೆದುಕೊಂಡೆ. ಮುಂದಿನ ತಂಡಕ್ಕೆ ಅದು ಅಚ್ಚಿನಲ್ಲೇ ಇರುತ್ತದೆ.